ಟೆರೇಸ್ ಮೇಲಿಂದ ದೇವಯಾನಿ

ಹೊಸ ಟೆಲಿಸ್ಕೋಪು ನಿನ್ನೆ ರಾತ್ರಿ ಕೊತ್ರೂಡಿನ ನಮ್ಮ ಟೆರೇಸ್ ಹತ್ತಿತು.

ಪುಣೆಯ ಆಕಾಶ ಗೊತ್ತಲ್ವಾ, ಊರಿನ ಬೆಳಕೆಲ್ಲ ಅಲ್ಲೇ. ದೇವಯಾನಿ ಗ್ಯಾಲಕ್ಸಿ ಬರಿಗಣ್ಣಿಗೆ ಕಾಣಲೇ ಇಲ್ಲ.

30 ಸೆಕೆಂಡಿನ ಒಂದು ಫೋಟೋದಲ್ಲೂ ಬರೀ ಮಸುಕು ಚುಕ್ಕೆ. ಅಂಥವನ್ನೇ ಒಂದರ ಮೇಲೊಂದು ಕೂಡಿಸುತ್ತಾ ಹೋದೆ. ಕಾಳುಕಾಳಾಗಿದ್ದ ಚಿತ್ರ ನುಣುಪಾಯಿತು. ಚುಕ್ಕೆಯ ಸುತ್ತ ಓರೆಯಾದ ಬಿಲ್ಲೆ ಮೂಡಿತು. ಆಮೇಲೆ ಅದರೊಳಗೆ ಒಂದು ಕಪ್ಪು ಗೆರೆ. ದೂಳು! ಇನ್ನೊಂದು ಗ್ಯಾಲಕ್ಸಿಯ ದೂಳು, ನಮ್ಮ ಟೆರೇಸಿನಿಂದ! ಆ ಗೆರೆಯನ್ನೇ ಎಷ್ಟು ಹೊತ್ತು ನೋಡಿದೆನೋ.

"ಇದು ಈಗ ಹೀಗಿದೆಯಾ?" ಅಂದರು ಅಮ್ಮ.

ಇಲ್ಲಮ್ಮ, ಈ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಯಿತು. ಆಗ ನಮ್ಮಂಥ ಮನುಷ್ಯರೇ ಹುಟ್ಟಿರಲಿಲ್ಲ.

ಅಮಾವಾಸ್ಯೆಗೆ ಪಾನ್‌ಶೇತ್ ಕಡೆ ಹೋಗಬೇಕು, ಅಲ್ಲಿ ದೀಪ ಕಮ್ಮಿ. ಯಾರು ಬರುತ್ತೀರಿ?