ಬಳುಕುವ ಅಲಗಿಗೆ ಸಾಣೆ

ಮೀನಿನ ತಿರುಳನ್ನು ಚರ್ಮದಿಂದ ಬಿಡಿಸುವ ಉದ್ದನೆಯ ಚಾಕು ಬಳುಕಲೇಬೇಕು. ಅಲಗನ್ನು ಹಲಗೆಯ ಮೇಲೆ ಹೆಚ್ಚುಕಡಿಮೆ ಮಲಗಿಸಿ, ಚರ್ಮಕ್ಕೂ ತಿರುಳಿಗೂ ನಡುವೆ ತೂರಿಸಿಕೊಂಡು ಹೋಗುವಾಗ ಅದು ಹಲಗೆಯನ್ನು ಅನುಸರಿಸಿ ಬಾಗಿದರೆ ಮಾತ್ರ ತಿರುಳು ಚೂರಾಗದೆ ಒಂದೇ ಹಾಳೆಯಾಗಿ ಬರುತ್ತದೆ. ಅಡುಗೆಯವರಿಗೆ ಅನುಕೂಲವಾದ ಈ ಗುಣವೇ ಸಾಣೆ ಹಿಡಿಯುವವನಿಗೆ ತಲೆನೋವು, ಏಕೆಂದರೆ ಕಲ್ಲಿಗೆ ಒತ್ತಿದಾಗಲೂ ಅಲಗು ಬಾಗುತ್ತದೆ.

ನಮ್ಮ ದಾವಣಗೆರೆಯಲ್ಲಿ ಇಂಥ ಚಾಕು ಅಪರೂಪ. ಶಾಂತಿಸಾಗರದಂಥ ಕೆರೆಗಳಿಂದ ಬರುವ ಕಾಟ್ಲಾ, ರೋಹು ಮೀನುಗಳ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳಿರುವುದರಿಂದ ಅವುಗಳ ತಿರುಳು ಬಿಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಾರುವವರು ಕೊರಡಿನ ಮೇಲಿಟ್ಟು ಮಚ್ಚಿನಿಂದ ತುಂಡು ಮಾಡಿಕೊಡುತ್ತಾರೆ, ಮನೆಯಲ್ಲಿ ಈಳಿಗೆ ಸಾಕಾಗುತ್ತದೆ. ಆದರೆ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರುವ ಸಮುದ್ರದ ಮೀನನ್ನು ಮುಳ್ಳಿಲ್ಲದಂತೆ ಕರಿದು ಬಡಿಸುವ ಹೋಟೆಲುಗಳಿಗೆ ಈ ಚಾಕು ಬೇಕೇ ಬೇಕು. ಅಂಥದೊಂದು ಹೋಟೆಲಿನ ಅಡುಗೆಯವರು, ನನಗಿಂತ ಬಹಳ ಚಿಕ್ಕವರು, ಒಂದು ಬೆಳಿಗ್ಗೆ ಮಂಡಿಪೇಟೆಯ ಬಳಿಯ ನನ್ನ ವರ್ಕ್‌ಶಾಪಿಗೆ ಹಳೆಯ ಪೇಪರಿನಲ್ಲಿ ಸುತ್ತಿದ ಚಾಕು ತಂದರು. ಬಡಗಿಗಳ ಉಳಿ, ಟೈಲರ್‌ಗಳ ಕತ್ತರಿ ನನ್ನ ನಿತ್ಯದ ಕೆಲಸ, ಇದು ಹಾಗಲ್ಲ.

“ಅಣ್ಣಾ, ಮೊನೆ ಕಡೆ ಕೊಯ್ತೈತಿ, ಬುಡದ ಕಡೆನೂ ಕೊಯ್ತೈತಿ, ನಡುವೆ ಮಾತ್ರ ತಿರುಳು ಚರ್ಮಕ್ಕೇ ಉಳೀತೈತಿ ನೋಡ್ರಿ. ಸಂಜೆ ಒಂದು ರಿಸೆಪ್ಷನ್ ಆರ್ಡರ್ ಐತಿ” ಎಂದರು.

ಅಲಗು ಸುಮಾರು 25 ಸೆಂಟಿಮೀಟರ್ ಉದ್ದವಿತ್ತು. ಬೆನ್ನಿನ ದಪ್ಪ ಹಿಡಿಯ ಹತ್ತಿರ ಎರಡು ಮಿಲಿಮೀಟರ್ ಇದ್ದರೆ ಮೊನೆಯ ಹತ್ತಿರ ಒಂದೂ ಇರಲಿಲ್ಲ. ಅದರ ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಗಾಜಿನ ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿದು ನೋಡಿದಾಗ ಅವರ ದೂರಿನ ಮೂಲ ಕಣ್ಣಿಗೇ ಬಿತ್ತು: ಮಧ್ಯಭಾಗದಲ್ಲಿ ನಾಲ್ಕು ಬೆರಳು ಅಗಲಕ್ಕೆ ಬೆಳಕು ತೂರಿ ಬರುತ್ತಿತ್ತು. ಬಾಯಿ ಅಲ್ಲಿ ಒಳಕ್ಕೆ ಸವೆದಿತ್ತು. ಮೊನೆಯ ಬಳಿ ಕಂದು ನೀಲಿ ಬಣ್ಣದ ಒಂದು ಮಚ್ಚೆಯೂ ಇತ್ತು. ಹಿಂದೆ ಯಾರೋ ಒಣಗಲ್ಲಿನ ಗ್ರೈಂಡರಿಗೆ ಕೊಟ್ಟಿದ್ದಾರೆಂದು ತಿಳಿಯಲು ಇನ್ನೇನೂ ಕೇಳಬೇಕಾಗಿರಲಿಲ್ಲ.

ಆ ಎರಡು ಗುರುತುಗಳಿಗೂ ಬೇರೆ ಬೇರೆ ಕಾರಣಗಳಿವೆ. ಮಚ್ಚೆಗೆ ಕಾರಣ ಶಾಖ. ನಿಮಿಷಕ್ಕೆ 2,800 ಸುತ್ತು ತಿರುಗುವ 150 ಮಿಲಿಮೀಟರ್ ಕಲ್ಲಿನ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. ಕಾಗದದಷ್ಟು ತೆಳ್ಳಗಿರುವ ಉಕ್ಕಿನ ಅಂಚಿಗೆ ಆ ಬಿಸಿಯನ್ನು ಬೆನ್ನಿನ ಕಡೆಗೆ ಸಾಗಿಸಲು ಪುರುಸೊತ್ತೇ ಸಿಗುವುದಿಲ್ಲ. ಬಣ್ಣ ತಿರುಗುವಷ್ಟು ಕಾದ ಉಕ್ಕು ಹದ ಕಳೆದುಕೊಂಡಿರುತ್ತದೆ, ಅಲ್ಲಿ ಹರಿತ ನಿಲ್ಲುವುದಿಲ್ಲ. ನನ್ನಲ್ಲಿರುವುದು ಸ್ವೀಡನ್ನಿನ ಟಾರ್ಮೆಕ್ ಕಂಪನಿಯ ಟಿ-8 ಎಂಬ ನೀರು ಸಾಣೆಯಂತ್ರ. ಅದರ 250 ಮಿಲಿಮೀಟರ್ ಕಲ್ಲು ನೀರಿನ ತೊಟ್ಟಿಯಲ್ಲಿ ಅದ್ದಿಕೊಂಡು ನಿಮಿಷಕ್ಕೆ ತೊಂಬತ್ತೇ ಸುತ್ತು ತಿರುಗುತ್ತದೆ, ಅಂದರೆ ಅಂಚಿನ ಓಟ ಸೆಕೆಂಡಿಗೆ 1.2 ಮೀಟರಿಗಿಂತ ತುಸು ಕಡಿಮೆ. 1973ರಲ್ಲಿ ಟಾರ್ಗ್ನಿ ಯಾನ್ಸನ್ ಆರಂಭಿಸಿದ ಕಂಪನಿಯ ಈ ಯಂತ್ರದ ಮೂಲತತ್ವ ಇಷ್ಟೇ: ನಿಧಾನವಾಗಿ ತಿರುಗುವ ಕಲ್ಲು, ನೀರು, ಅಲಗನ್ನು ಕಚ್ಚಿಕೊಂಡು ಕೋನ ಹಿಡಿದುಕೊಡುವ ಜಿಗ್ಗುಗಳೆಂಬ ಹಿಡಿಕೆಗಳು. ಕಿಡಿ ಹಾರದ ಕಾರಣ ನೋಡುವವರಿಗೆ ಕೆಲಸ ನಡೆಯುತ್ತಿದೆ ಎಂದೇ ಅನ್ನಿಸುವುದಿಲ್ಲ. ಎಷ್ಟೋ ಗಿರಾಕಿಗಳು “ಇಷ್ಟು ಮೆಲ್ಲಗೆ ತಿರುಗಿದ್ರೆ ಹರಿತ ಹೆಂಗ್ ಬರುತ್ರೀ” ಎಂದು ಕೇಳುತ್ತಾರೆ.

ಮಧ್ಯದ ತಗ್ಗಿನ ಕಾರಣ ಶಾಖವಲ್ಲ, ಬಳುಕು. ಉದ್ದ ಅಲಗನ್ನು ನಡುವೆ ಒಂದೇ ಕಡೆ ಒತ್ತಿ ಹಿಡಿದರೆ ಒತ್ತಿದ ಜಾಗ ಗಟ್ಟಿಯಾಗಿ ಕಲ್ಲಿಗೆ ಕೂರುತ್ತದೆ, ಎರಡು ತುದಿಗಳು ಕಲ್ಲಿನಿಂದ ಹಿಂದಕ್ಕೆ ಸರಿಯುತ್ತವೆ. ಕಲ್ಲು ತನಗೆ ಎದುರು ನಿಂತದ್ದನ್ನೇ ಹೆಚ್ಚು ತಿನ್ನುತ್ತದೆ. ಹೀಗೆ ಪ್ರತಿ ಸಲವೂ ನಡುಭಾಗವೇ ಸವೆದು ಬಾಯಿ ಒಳಕ್ಕೆ ಬಾಗುತ್ತಾ ಹೋಗುತ್ತದೆ. ಕೈಯಲ್ಲಿ ಹಿಡಿದವರಿಗಷ್ಟೇ ಇದು ಆಗುತ್ತದೆಂದು ತಿಳಿಯಬೇಕಾಗಿಲ್ಲ. ಸಾಮಾನ್ಯ ಚಾಕುಗಳಿಗೆ ಬಳಸುವ 45 ಮಿಲಿಮೀಟರ್ ಅಗಲದ ಜಿಗ್ಗನ್ನು ಇಂಥ ಅಲಗಿಗೆ ಕಚ್ಚಿಸಿದರೂ ಇದೇ ತೊಂದರೆ, ಅದೂ ಕರಾರುವಾಕ್ಕಾಗಿ. ಇದಕ್ಕಾಗಿಯೇ 140 ಮಿಲಿಮೀಟರ್ ಅಗಲದ ಜಿಗ್ ಬರುತ್ತದೆ; ಅದು ಬೆನ್ನನ್ನು ಅರ್ಧಕ್ಕಿಂತ ಹೆಚ್ಚು ಉದ್ದಕ್ಕೆ ಕಚ್ಚಿಕೊಂಡು ಅಲಗನ್ನು ಸೆಟೆದು ನಿಲ್ಲಿಸುತ್ತದೆ.

ಆದರೆ ತಗ್ಗು ಬಿದ್ದ ಬಾಯಿಗೆ ನೇರವಾಗಿ ಹರಿತ ಕೊಟ್ಟರೆ ತಗ್ಗೂ ಹರಿತವಾಗುತ್ತದೆ, ಅಷ್ಟೇ. ಮೊದಲು ಬಾಯಿ ನೇರವಾಗಬೇಕು. ಚಾಕನ್ನು ಕಲ್ಲಿಗೆ ನೆಟ್ಟಗೆ, ಅಂದರೆ ಬಾಯಿಯೇ ಕಲ್ಲಿಗೆ ತಾಗುವಂತೆ ಹಿಡಿದು, ಬುಡದ ಕಡೆಯ ಉಬ್ಬನ್ನೂ ಮೊನೆಗಿಂತ ಹಿಂದಿನ ಉಬ್ಬನ್ನೂ ಹಗುರವಾಗಿ ಸವೆಸುತ್ತಾ, ಮತ್ತೆ ಮತ್ತೆ ಗಾಜಿನ ಮೇಲಿಟ್ಟು ಟಾರ್ಚ್ ಬೆಳಕಿನಲ್ಲಿ ಪರೀಕ್ಷಿಸಿದೆ. ಹರಿತಕ್ಕೆಂದು ತಂದ ಚಾಕನ್ನು ಬೇಕೆಂದೇ ಮೊಂಡು ಮಾಡುವುದನ್ನು ಅಡುಗೆಯವರು ಸ್ಟೂಲಿನ ಮೇಲೆ ಕುಳಿತು ಆತಂಕದಿಂದಲೇ ನೋಡುತ್ತಿದ್ದರು. ಬೆಳಕಿನ ಸಂದು ಮುಚ್ಚಿಕೊಂಡಾಗ ಬಾಯಿಯ ಮೇಲೆ ಕೂದಲೆಳೆಯಂಥ ಒಂದು ಚಪ್ಪಟೆ ಗೆರೆ ಹೊಳೆಯುತ್ತಿತ್ತು. ಹೊಳೆಯುವ ಅಂಚು ಮೊಂಡಾದ ಅಂಚು. ನಿಜವಾದ ಹರಿತಕ್ಕೆ ಬೆಳಕನ್ನು ಮರಳಿಸುವಷ್ಟು ಅಗಲವೇ ಇರುವುದಿಲ್ಲ. ಆದ್ದರಿಂದ ಆ ಹೊಳಪೇ ಮುಂದಿನ ಕೆಲಸಕ್ಕೆ ಅಳತೆಗೋಲಾಯಿತು: ಎರಡು ಬದಿಯಿಂದಲೂ ಓರೆ, ಅಂದರೆ ಅಂಚಿನ ಕಡೆಗೆ ಇಳಿಜಾರು, ಕೊಡುತ್ತಾ ಹೋಗಿ, ಗೆರೆ ಎಲ್ಲಿಯೂ ಕಾಣದಿದ್ದಾಗ ನಿಲ್ಲಿಸಬೇಕು.

ಅಲಗನ್ನು ಅಗಲದ ಜಿಗ್ಗಿಗೆ ಕಚ್ಚಿಸಿ, ಜಿಗ್ ಒರಗುವ ಆಧಾರದ ಸರಳನ್ನು ಬದಿಗೆ 15 ಡಿಗ್ರಿಯಂತೆ ಹೊಂದಿಸಿದೆ. ಸರಳಿಗೂ ಕಲ್ಲಿಗೂ ಇರುವ ಅಂತರವೇ ಕೋನವನ್ನು ನಿರ್ಧರಿಸುತ್ತದೆ. ಕಲ್ಲು ಸವೆದು ಚಿಕ್ಕದಾದಂತೆ ಹಳೆಯ ಅಂತರ ಬೇರೆ ಕೋನ ಕೊಡುತ್ತದೆ, ಹಾಗಾಗಿ ಹೊಸದಾಗಿ ಅಳೆಯದೆ ನಂಬುವಂತಿಲ್ಲ. ಓರೆಗೆ ಕಪ್ಪು ಮಾರ್ಕರ್ ಬಳಿದು, ಕಲ್ಲನ್ನು ಕೈಯಿಂದಲೇ ತುಸು ತಿರುಗಿಸಿ, ಮಸಿ ಎಲ್ಲಿ ಅಳಿಯಿತೆಂದು ನೋಡಿದೆ. ನಡುವೆ ಪೂರ್ತಿ ಅಳಿದಿತ್ತು, ಮೊನೆಯ ಕಡೆ ಜಿಗ್ಗಿನ ಹಿಡಿತ ಮೀರಿದ ಭಾಗದಲ್ಲಿ ಅರೆಬರೆ ಉಳಿದಿತ್ತು. ಜಿಗ್ಗಿನ ಶಕ್ತಿ ಅಷ್ಟಕ್ಕೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಬೆರಳಿನ ಕೆಲಸ: ಬಲಗೈ ಹಿಡಿಯನ್ನು ಎಳೆಯುತ್ತಿರುವಾಗ ಎಡಗೈಯ ಎರಡು ಬೆರಳು ಕಲ್ಲು ತಾಗುವ ಜಾಗದ ನೇರ ಹಿಂದೆಯೇ, ಅಲಗಿನ ಮೇಲೆ ಜಾರುತ್ತಾ, ಬೆಣ್ಣೆದೋಸೆಯ ಹಿಟ್ಟನ್ನು ಹೆಂಚಿನ ಮೇಲೆ ಹರಡುವಷ್ಟೇ ಹಗುರವಾಗಿ ಒತ್ತಬೇಕು. ಒತ್ತಡ ಹೆಚ್ಚಾದರೆ ಮತ್ತೆ ತಗ್ಗು. ಜಿಗ್ ಮಾರುವವರು ಈ ಬೆರಳುಗಳ ವಿಷಯವನ್ನು ಒತ್ತಿ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಜಿಗ್ ಕೋನವನ್ನು ಕಾಯುತ್ತದೆ, ಒತ್ತಡವನ್ನಲ್ಲ.

ಮೊನೆಯ ಬಾಗು ಇನ್ನೊಂದು ಕಷ್ಟ. ಅಲ್ಲಿಗೆ ಬಂದಾಗ ಹಿಡಿಯನ್ನು ಮೆಲ್ಲಗೆ ಎತ್ತಿ ಬಾಗಿದ ಬಾಯಿಯೂ ಕಲ್ಲಿಗೆ ಅಡ್ಡವಾಗಿಯೇ ಕೂರುವಂತೆ ತಿರುಗಿಸಬೇಕು. ಜಿಗ್ ಸರಳಿನ ಮೇಲೆ ತಿರುಗುವ ಬಿಂದುವಿನಿಂದ ನೇರ ಬಾಯಿಗೆ ಇರುವಷ್ಟೇ ದೂರ ಮೊನೆಗೂ ಇದ್ದರೆ ಕೋನ ಬದಲಾಗದು. ಉದ್ದನೆಯ ಚಾಕುವಿನಲ್ಲಿ ಅದು ಕೂಡಿಬರುವುದು ಕಷ್ಟ, ಆದ್ದರಿಂದ ಜಿಗ್ಗನ್ನು ಎಲ್ಲಿ ಕಚ್ಚಿಸಬೇಕೆಂದು ಮಾರ್ಕರ್ ಮಸಿಯನ್ನೇ ಕೇಳಬೇಕು. ಮೊನೆ ಕಲ್ಲಿನ ಅಗಲದ ನಡುವೆ ಇರುವಾಗಲೇ ಚಾಕನ್ನು ಎತ್ತಿಬಿಡಬೇಕು. ಕಲ್ಲಿನ ಅಂಚು ದಾಟಿ ಜಾರಿಸಿದರೆ ಮೊನೆ ಉರುಟಾಗುತ್ತದೆ. ಕಂದು ಮಚ್ಚೆಯ ಭಾಗದಲ್ಲಿ ಹದಗೆಟ್ಟ ಉಕ್ಕು ಎಷ್ಟು ಆಳಕ್ಕಿದೆಯೆಂದು ತಿಳಿಯದು, ಆದ್ದರಿಂದ ಅಲ್ಲಿ ಹರಿತ ಬೇಗ ಹೋಗಬಹುದೆಂದು ಅಡುಗೆಯವರಿಗೆ ಮೊದಲೇ ಹೇಳಿದೆ.

ಒಂದು ಬದಿ ಮುಗಿದಾಗ ಬೆನ್ನಿನಿಂದ ಬಾಯಿಯ ಕಡೆಗೆ ಹೆಬ್ಬೆರಳು ಸವರಿದರೆ ಎದುರು ಬದಿಯಲ್ಲಿ ಒರಟಾದ ಬರ್, ಅಂದರೆ ಆ ಕಡೆಗೆ ಮಗುಚಿಕೊಂಡ ಉಕ್ಕಿನ ಸಣ್ಣ ಎಳೆ, ಸಿಗಬೇಕು. ಅದು ಬುಡದಿಂದ ಮೊನೆಯವರೆಗೆ ಎಲ್ಲೂ ತುಂಡಾಗದೆ ಸಿಕ್ಕಿತು. ಎರಡನೆಯ ಬದಿಯೂ ಆದ ಮೇಲೆ ಒರಟು ಕಲ್ಲನ್ನು ಅದರ ಮೈ ನುಣುಪು ಮಾಡುವ ಗ್ರೇಡರ್ ಬಿಲ್ಲೆಯಿಂದ ಉಜ್ಜಿ 1000 ಗ್ರಿಟ್ಟಿನಷ್ಟು ನುಣುಪಿಗೆ ತಂದು ಮತ್ತೊಂದು ಸುತ್ತು ಹಗುರವಾಗಿ ಹಿಡಿದೆ. ಕೊನೆಗೆ ಬರ್ ತೆಗೆಯಲು ಪೇಸ್ಟ್ ಬಳಿದ ಚರ್ಮದ ಚಕ್ರ. ಕಲ್ಲಿನಲ್ಲಿ ಬಾಯಿ ತಿರುಗುವ ಕಲ್ಲಿಗೆ ಎದುರಾಗಿರಬಹುದು; ಚರ್ಮದ ಮೇಲೆ ಮಾತ್ರ ಚಕ್ರ ಬಾಯಿಯಿಂದ ದೂರ ಓಡುವಂತೆಯೇ ಹಿಡಿಯಬೇಕು, ಇಲ್ಲವಾದರೆ ಅಲಗು ಚರ್ಮಕ್ಕೆ ಇಳಿಯುತ್ತದೆ.

ದುಂಡಗಿನ ಕಲ್ಲಿನ ಸಾಣೆಯಿಂದ ಓರೆ ಒಳಬಾಗಾಗಿ ಅಂಚು ದುರ್ಬಲವಾಗುತ್ತದೆಂಬ ಮಾತನ್ನು ಬಹಳ ಜನ ಹೇಳುತ್ತಾರೆ. 250 ಮಿಲಿಮೀಟರ್ ಕಲ್ಲಿನಲ್ಲಿ ಒಂದು ಮಿಲಿಮೀಟರ್ ಅಗಲದ ಓರೆಗೆ ಆ ಒಳಬಾಗು ಲೆಕ್ಕ ಹಾಕಿದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಬರುತ್ತದೆ. ಅದರಿಂದ ಅಂಚಿಗೆ ಆಗುವ ಹಾನಿ ಏನೂ ಇಲ್ಲ.

ಅಡುಗೆಯವರು ಚಾಕು ಸುತ್ತಿ ತಂದಿದ್ದ ಪೇಪರನ್ನೇ ಬುಡದಿಂದ ಮೊನೆಯವರೆಗೆ ಎಳೆದು ಕೊಯ್ದು ನೋಡಿದರು. ನಡುವೆ ಎಲ್ಲಿಯೂ ತಡೆಯಲಿಲ್ಲ. ಸ್ಟೀಲ್ ಪಾತ್ರೆಗಳ ನಡುವೆ ಎಸೆಯಬೇಡಿ, ಕೆಲಸದ ನಡುವೆ ಮೊಂಡಾಯಿತೆನಿಸಿದರೆ ಮಸೆಯುವ ಕಡ್ಡಿಗೆ ಎರಡು ಸಲ ಮೆಲ್ಲಗೆ ಸವರಿ ಸಾಕು, ಒತ್ತಿದರೆ ಬಳುಕಿ ಕೋನ ತಪ್ಪುತ್ತದೆ ಎಂದೆ. ಹೊರಟವರು ಬ್ಯಾಗಿನಿಂದ ಇನ್ನೊಂದು ಉದ್ದ ಚಾಕು ತೆಗೆದರು. ಬ್ರೆಡ್ ಕೊಯ್ಯುವ, ಹಲ್ಲುಗಳಿರುವ ಚಾಕು. ಅದನ್ನು ಈ ಕಲ್ಲಿಗೆ ಕೊಟ್ಟರೆ ಹಲ್ಲೇ ಹೋಗುತ್ತವೆ, ಹಲ್ಲಿಲ್ಲದ ಚಪ್ಪಟೆ ಬದಿಯನ್ನು ಚರ್ಮದ ಚಕ್ರಕ್ಕೆ ಹಿಡಿದುಕೊಡಬಲ್ಲೆ ಎಂದೆ. “ಹಂಗಾದ್ರೆ ಅಷ್ಟೇ ಮಾಡಿಕೊಡ್ರಿ ಅಣ್ಣಾ” ಎಂದು ಮತ್ತೆ ಸ್ಟೂಲಿನ ಮೇಲೆ ಕುಳಿತರು.