ಗರಡಿ ಉಳಿಯಬೇಕಾದರೆ ಮೊದಲು ಮಣ್ಣು ಉಳಿಯಬೇಕು

ಹಳೇ ಮೈಸೂರಿನ ಕುಸ್ತಿ ಗರಡಿಗಳ ಬಾಗಿಲು ಗಿಡ್ಡ. ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಒಳಗೆ ಆಂಜನೇಯ, ಮೂಲೆಯಲ್ಲಿ ಗದೆ, ನಡುವೆ ಕೆಮ್ಮಣ್ಣಿನ ಅಖಾಡ. ಗೋಡೆಗೆ ಸುಣ್ಣ ಹೊಡೆಸಿ, ಹೊಸ ಬೋರ್ಡು ಹಾಕಿಸಿದರೆ ಗರಡಿ ಉಳಿಯಿತು ಅಂದುಕೊಳ್ಳುತ್ತೇವೆ. ಆದರೆ ದಿನಾ ಅಗೆಯುವವರಿಲ್ಲದ ಅಖಾಡ ಒಂದೇ ಬೇಸಿಗೆಗೆ ಕಣದ ನೆಲದಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಎತ್ತಿ ಹಾಕಿದರೆ ಭುಜದ ಕೀಲು ತಪ್ಪುತ್ತದೆ. ಹುಡುಗರು ಬರುವುದು ನಿಲ್ಲುವುದು ಅಲ್ಲಿಂದಲೇ.

20 ಅಡಿ ಉದ್ದ, 20 ಅಡಿ ಅಗಲ, ಒಂದೂವರೆ ಅಡಿ ಆಳದ ಅಖಾಡಕ್ಕೆ 600 ಘನ ಅಡಿ, ಅಂದರೆ 6 ಬ್ರಾಸ್ ಮಣ್ಣು ಬೇಕು. ಹೊಲದ ಮೇಲ್ಮಣ್ಣು ತರಿಸಬೇಡಿ. ಅದರಲ್ಲಿ ಗೊಬ್ಬರ, ಬೇರು, ಕೀಟನಾಶಕ ಎಲ್ಲ ಇರುತ್ತದೆ. ನಾಲ್ಕೈದು ಅಡಿ ಕೆಳಗಿನ ಕೆಮ್ಮಣ್ಣು ಸರಿ. ಜೇಡಿ ಹೆಚ್ಚಾದರೆ ಒಣಗಿ ಹೆಂಟೆ ಕಟ್ಟುತ್ತದೆ, ಮರಳು ಹೆಚ್ಚಾದರೆ ಮಂಡಿ, ಮೊಣಕೈ ತರಚುತ್ತದೆ. ಎರಡು ಸಲ ಜರಡಿ ಹಿಡಿಯಲೇಬೇಕು, ಎರಡನೆಯದು ಸಣ್ಣ ಕಣ್ಣಿನದು. ಇಲ್ಲಿ ಅವಸರ ಮಾಡಿದರೆ ಉಳಿದುಹೋದ ಒಂದು ಚೂಪುಕಲ್ಲು ಯಾರದೋ ಬೆನ್ನಿಗೆ ಸಿಗುತ್ತದೆ.

ಆಮೇಲೆ ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ, ಒಣಗಿಸಿ ಪುಡಿ ಮಾಡಿದ ಬೇವಿನೆಲೆ. ಅಳತೆ ಊರಿಂದೂರಿಗೆ ಬೇರೆ. ಇಷ್ಟು ಮಣ್ಣಿಗೆ 10 ಲೀಟರ್ ಎಣ್ಣೆ, 40 ಲೀಟರ್ ಮಜ್ಜಿಗೆ, 5 ಕಿಲೋ ಅರಿಶಿನದಿಂದ ಶುರು ಮಾಡಬಹುದು. ಎಣ್ಣೆ ದೂಳು ಏಳದಂತೆ ತಡೆಯುತ್ತದೆ, ಮಜ್ಜಿಗೆ ತೇವ ಕೊಡುತ್ತದೆ. ಒಂದೇ ಸಲ ಸುರಿದರೆ ಅಲ್ಲಲ್ಲಿ ಮುದ್ದೆಯಾಗುತ್ತದೆ. ಚಿಮುಕಿಸುತ್ತಾ, ಅಗೆಯುತ್ತಾ ಮೂರು ದಿನ ಕಲಸಬೇಕು.

ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ಮಣ್ಣನ್ನು ಬಿಗಿಯಾಗಿ ಒತ್ತಿ. ಉಂಡೆ ನಿಲ್ಲಬೇಕು, ಎದೆ ಎತ್ತರದಿಂದ ಬಿಟ್ಟರೆ ಪುಡಿಯಾಗಬೇಕು. ಅಂಗೈ ಒದ್ದೆಯಾದರೆ ನೀರು ಜಾಸ್ತಿ. ಬೆರಳ ಸಂದಿಯಿಂದ ಉದುರಿದರೆ ಒಣಗಿದೆ.

ದಿನದ ಮೊದಲ ಸಾಮು, ಅಂದರೆ ಕಸರತ್ತು, ಅಗೆತವೇ. ಸನಿಕೆ ಹಿಡಿದು ಒಂದು ಮೂಲೆಯಿಂದ ಹಿಂದಕ್ಕೆ ಸರಿಯುತ್ತಾ ಅರ್ಧ ಅಡಿ ಆಳಕ್ಕೆ ಅಗೆದರೆ ಸೊಂಟ, ಬೆನ್ನು, ಮುಂಗೈ ಮೂರೂ ಬಿಸಿಯೇರುತ್ತವೆ. ಕೆಲಸದಾಳಿಗೆ ದುಡ್ಡು ಕೊಟ್ಟು ಅಗೆಸುವ ಗರಡಿಯಲ್ಲಿ ಅರ್ಧ ವಿದ್ಯೆ ಆಗಲೇ ಹೋಯಿತು. ತಾನೇ ಅಗೆದ ಮಣ್ಣಿನಲ್ಲಿ ಬೀಳಲು ಹುಡುಗ ಹೆದರುವುದಿಲ್ಲ. ಬೀಳುವ ಭಯ ಹೋದ ಮೇಲೆ ತಾನೇ ಪಟ್ಟು ಕಲಿಯುವುದು.

ಆಮೇಲೆ ದಂಡ, ಬಸ್ಕಿ. ಹೊಸಬರಿಗೆ 20 ದಂಡ, ಅದರ ಎರಡರಷ್ಟು ಬಸ್ಕಿ ಸಾಕು, ವಾರಕ್ಕೆ ಐದೈದು ಏರಿಸಿ. ದಂಡದಲ್ಲಿ ಸೊಂಟ ಜೋತುಬಿದ್ದರೆ ಬೆನ್ನು ಹಿಡಿಯುತ್ತದೆ. ಬಸ್ಕಿಯಲ್ಲಿ ಮಂಡಿ ಒಳಕ್ಕೆ ವಾಲಿದರೆ ಅಲ್ಲಿಗೇ ನಿಲ್ಲಿಸಿ. ಮೂಗಿನಲ್ಲೇ ಉಸಿರಾಡಬೇಕು. ಬಾಯಿ ತೆರೆದುಕೊಂಡಿತು ಅಂದರೆ ಮನಸ್ಸು ಎಣಿಕೆ ಬಿಟ್ಟು ಸುಸ್ತಿನ ಕಡೆ ಹೋಗಿದೆ ಎಂದರ್ಥ. ಗದೆ ಈಗಲೇ ಬೇಡ, ಮೂರು ತಿಂಗಳಾಗಲಿ.

ಅರಿಶಿನ ಬೆರೆಸಿದ್ದೇವೆ, ಚರ್ಮರೋಗ ಬರುವುದಿಲ್ಲ ಎನ್ನುವ ನಂಬಿಕೆ ಅಪಾಯದ್ದು. ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಅದು ಬಂದವರು ವಾಸಿಯಾಗುವ ತನಕ ಅಖಾಡಕ್ಕೆ ಇಳಿಯಬಾರದು, ಲಂಗೋಟಿ ದಿನಾ ಒಗೆಯಬೇಕು. ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುವುದರಿಂದ ಪ್ರತಿ ಪೈಲ್ವಾನನಿಗೂ ಅದನ್ನು ತಡೆಯುವ ಚುಚ್ಚುಮದ್ದು (ಹಿಂದೆ ಟಿಟಿ, ಈಗ ಟಿಡಿ) ಆಗಿರಲೇಬೇಕು.

ಮ್ಯಾಟ್ ಬಂದು ಮಣ್ಣನ್ನು ಕೊಂದಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮಣ್ಣಿನಲ್ಲೇ ಬೆಳೆದ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಮೇಲೆ ಕಂಚು ಗೆದ್ದರು. ಮ್ಯಾಟ್‌ನಲ್ಲಿ ಮೂರು ನಿಮಿಷದ ಎರಡು ಸುತ್ತು, ಅಂಕಗಳ ಲೆಕ್ಕ. ಮಣ್ಣಿನಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವ ತನಕ ಬಿಡದ ಹಿಡಿತ. ಎರಡನ್ನೂ ಕಲಿಸಬಹುದು.

ಗರಡಿಗೆ ಕಷ್ಟಕಾಲ ದಸರಾ ಕುಸ್ತಿ ಮುಗಿದ ಮೇಲೆ ಬರುತ್ತದೆ. ಪಂದ್ಯಕ್ಕೆ ಜೋಡಿ ಕಟ್ಟುವವರಿಲ್ಲ, ಚಳಿಗಾಲದ ಒಣಗಾಳಿ ಬೇರೆ. ಆ ತಿಂಗಳುಗಳಲ್ಲಿ ಇಬ್ಬರೇ ಬಂದರೂ ಸರಿ, ವಾರಕ್ಕೆ ಎರಡು ಸಲ ಪೂರ್ತಿ ಅಗೆದು, ಮಜ್ಜಿಗೆ ನೀರು ಚಿಮುಕಿಸಿ, ಮಣ್ಣನ್ನು ನಡುವೆ ಗುಡ್ಡೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿ ಬಾಗಿಲು ಹಾಕಿ.