ಬಾಯಿ ಅಗಲ ತೆರೆಯುವವರೆಗೆ ಕಾಯಿರಿ

ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಊರಿಂದ ಬಂದ ಅಜ್ಜಿ, ಪಕ್ಕದ ಮನೆಯ ಮರಾಠಿ ಆಜಿ ಸೇರಿ "ಹಾಲು ಸಾಲ್ತಿಲ್ಲ" ಅಂತ ತೀರ್ಪು ಕೊಡುವುದು ಸಾಮಾನ್ಯವಾಗಿ ಹೆರಿಗೆಯಾದ ಎರಡನೇ ದಿನ. ಆ ದಿನ ಬರುವುದೇ ಕೆಲವು ಚಮಚ ಗಿಣ್ಣುಹಾಲು. ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ತುಂಬುಹಾಲು ಇಳಿಯುವುದು 2ರಿಂದ 5ನೇ ದಿನದೊಳಗೆ. ಅಲ್ಲಿಯವರೆಗೆ ಜೇನು, ಬಾಳಗುಟಿ (ತೇಯ್ದು ನೆಕ್ಕಿಸುವ ನಾಟಿ ಮದ್ದು), ಸಕ್ಕರೆ ನೀರು ಯಾವುದೂ ಬೇಡ.

ತೊಂದರೆ ಹೆಚ್ಚಾಗಿ ಹಿಡಿತದ್ದು, ಅಂದರೆ ಮಗು ಬಾಯಲ್ಲಿ ಮೊಲೆ ಹಿಡಿಯುವ ರೀತಿಯದ್ದು. ಮಗುವಿನ ಹೊಟ್ಟೆ ನಿಮ್ಮ ಮೈಗೆ ಅಂಟಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ. ಮೂಗಿನ ನೇರಕ್ಕೆ ತೊಟ್ಟು ತಂದು ಮೇಲ್ದುಟಿಗೆ ಸವರಿ. ಆಕಳಿಸಿದಷ್ಟು ಬಾಯಿ ತೆರೆದಾಗ ಮಗುವನ್ನು ಎದೆಗೆ ಎಳೆದುಕೊಳ್ಳಿ. ನೀವೇ ಬಗ್ಗಿದರೆ ಬೆನ್ನು ಹೋಯಿತೆಂದೇ ಲೆಕ್ಕ. ಗದ್ದ ಎದೆಗೆ ಒತ್ತಿ, ಕೆಳದುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಸುತ್ತಲ ಕಪ್ಪು ಮೇಲ್ಭಾಗದಲ್ಲೇ ಹೆಚ್ಚು ಕಾಣಬೇಕು. ಚಪ್ಪರಿಸುವ ಸದ್ದು, ಕುಳಿಬಿದ್ದ ಕೆನ್ನೆ, ಬಿಟ್ಟಾಗ ಹೊಸ ಲಿಪ್‌ಸ್ಟಿಕ್ ತುದಿಯಂತೆ ಓರೆಯಾದ ತೊಟ್ಟು ಕಂಡರೆ ಹಿಡಿತ ತಪ್ಪಿದೆ. ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ದಿನಕ್ಕೆ 8ರಿಂದ 12 ಸಲ ಹಾಲೂಡಿಸಿ, ರಾತ್ರಿಯೂ. 5ನೇ ದಿನದಿಂದ ದಿನಕ್ಕೆ ಕನಿಷ್ಠ 6 ಬಾರಿ ಉಚ್ಚೆ, ಹಳದಿ ಕಕ್ಕ ಆಗುತ್ತಿದ್ದರೆ ಅಜ್ಜಿಯರ ತೀರ್ಪು ವಜಾ. ಆಗದಿದ್ದರೆ, ಅಥವಾ ಹಾಲಿಗೂ ಏಳದಷ್ಟು ಮಗು ಮಂಕಾಗಿದ್ದರೆ ಅದೇ ದಿನ ಡಾಕ್ಟರ ಬಳಿ ಓಡಿ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ದಾನದ ಎದೆಹಾಲೂ ಉಂಟು. ಮುಂಬಯಿಯ ಸಯನ್ ಆಸ್ಪತ್ರೆಯ ಎದೆಹಾಲಿನ ಬ್ಯಾಂಕ್ 1989ರಷ್ಟು ಹಳೆಯದು.